ತೆರಪಿನ ಆಚೆ ಯಾರಿದ್ದಾರೆ?

ದೂರದಿಂದ ಕಲಿಸುವ ಪದ್ಧತಿಗೆ ಕನ್ನಡದಲ್ಲಿ ಒಂದು ಹಳೆಯ ಹೆಸರಿದೆ: ಅಂಚೆ ತೆರಪಿನ ಶಿಕ್ಷಣ. ತೆರಪು ಎಂದರೆ ಬಿಡುವು, ಎರಡರ ನಡುವೆ ಖಾಲಿ ಉಳಿದ ಜಾಗ. ಪಾಠ ಹೊರಟ ಊರಿಗೂ ಅದನ್ನು ಓದುವವರ ಊರಿಗೂ ನಡುವಿನ ಹಾದಿ, ಉತ್ತರ ಅಂಚೆ ಡಬ್ಬಿಗೆ ಬಿದ್ದ ದಿನಕ್ಕೂ ತಿದ್ದಿದ ಹಾಳೆ ಮರಳಿ ಬಂದ ದಿನಕ್ಕೂ ನಡುವಿನ ಕಾಯುವಿಕೆ, ಎರಡೂ ಆ ಒಂದು ಮಾತಿನಲ್ಲಿ ಅಡಗಿವೆ. ಇಂಟರ್ನೆಟ್ ಬಂದ ಮೇಲೆ ಈ ತೆರಪು ಮುಚ್ಚಿಹೋಯಿತೆಂದು ಸಾಮಾನ್ಯವಾಗಿ ನಂಬುತ್ತೇವೆ. ಪಾಠ ಕ್ಷಣದಲ್ಲಿ ಬರುತ್ತದೆ, ಧ್ವನಿಯೂ ಚಿತ್ರವೂ ಜೊತೆಗಿರುತ್ತವೆ, ಉತ್ತರ ಒತ್ತಿದ ಕೂಡಲೇ ಸರಿಯೋ ತಪ್ಪೋ ತಿಳಿಯುತ್ತದೆ. ಹಾಗಿದ್ದ ಮೇಲೆ ಅಂಚೆಗೂ ಆನ್‌ಲೈನಿಗೂ ಹೋಲಿಕೆ ಏತಕ್ಕೆ ಎನಿಸುವುದು ಸಹಜ. ಆದರೆ ಭಾಷೆಯ ಮಟ್ಟಿಗೆ ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಬೇಕು. ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಓದಿ ತಿಳಿಯಬಹುದು. ಭಾಷೆ ಬರಬೇಕಾದರೆ ಅದನ್ನು ಆಡಬೇಕು, ಬರೆಯಬೇಕು, ತಪ್ಪಬೇಕು, ಆ ತಪ್ಪನ್ನು ಬಲ್ಲವರೊಬ್ಬರು ಗಮನಿಸಬೇಕು. ದೂರದಿಂದ ಭಾಷೆ ಕಲಿಸಿದವರ ಕಥೆಯನ್ನು ಈ ದೃಷ್ಟಿಯಿಂದ ಓದಿದರೆ ಗೆಲುವು ಸೋಲುಗಳ ಗೆರೆ ಅಂಚೆಗೂ ಆನ್‌ಲೈನಿಗೂ ನಡುವೆ ಹಾದುಹೋಗುವುದಿಲ್ಲ. ಕಲಿಯುವವರ ಸ್ವಂತ ವಾಕ್ಯವನ್ನು ಓದಿ ತಿದ್ದುವ ಏರ್ಪಾಡಿದ್ದ ಕಡೆ ಎರಡೂ ಗೆದ್ದಿವೆ; ಅದು ಇಲ್ಲದ ಕಡೆ ಎರಡೂ ಸೋತಿವೆ.

ಅಂಚೆ ಪಾಠದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1728ರಲ್ಲಿ ಬಾಸ್ಟನ್ ಗೆಜೆಟ್ ಪತ್ರಿಕೆಯಲ್ಲಿ ಬಂದ ಒಂದು ಜಾಹೀರಾತಿನಿಂದ ಶುರುಮಾಡುತ್ತಾರೆ. ಕೇಲಬ್ ಫಿಲಿಪ್ಸ್ ಎಂಬ ಶೀಘ್ರಲಿಪಿ ಶಿಕ್ಷಕ, ಹಳ್ಳಿಗಾಡಿನವರಿಗೂ ವಾರವಾರ ಪಾಠ ಕಳಿಸಿಕೊಡುವುದಾಗಿ ಅದರಲ್ಲಿ ಹೇಳಿಕೊಂಡಿದ್ದ. ಕಳಿಸುವ ಮಾತು ಅಲ್ಲಿದೆ, ತಿದ್ದುವ ಮಾತು ಇಲ್ಲ. 1840ರಲ್ಲಿ ಇಂಗ್ಲೆಂಡಿನಲ್ಲಿ ದೂರ ಎಷ್ಟಿದ್ದರೂ ಒಂದೇ ಪೆನ್ನಿ ದರದ ಅಂಚೆ ಜಾರಿಗೆ ಬಂತು. ಅದೇ ವರ್ಷ ಬಾತ್ ಪಟ್ಟಣದ ಐಸಾಕ್ ಪಿಟ್ಮನ್ ತನ್ನ ಶೀಘ್ರಲಿಪಿಯನ್ನು ಅಂಚೆಯಲ್ಲಿ ಕಲಿಸಲು ತೊಡಗಿದ. ಕಲಿಯುವವರು ಬೈಬಲಿನ ಕೆಲವು ಸಾಲುಗಳನ್ನು ಹೊಸ ಲಿಪಿಗೆ ಇಳಿಸಿ ಕಳಿಸುತ್ತಿದ್ದರು. ಅವು ತಿದ್ದಲ್ಪಟ್ಟು ಹಿಂದಿರುಗುತ್ತಿದ್ದವು. ಫಿಲಿಪ್ಸನಿಗೂ ಪಿಟ್ಮನ್ನನಿಗೂ ನಡುವೆ ವಿಷಯ ಬದಲಾಗಿಲ್ಲ, ವಾಹನವೂ ಹೆಚ್ಚು ಬದಲಾಗಿಲ್ಲ. ಬದಲಾದದ್ದು ಮರಳುವ ದಾರಿ. ಅಗ್ಗದ ಅಂಚೆ ಕಲಿಯುವವರ ಕೈಗೂ ಒಂದು ಲಕೋಟೆ ಕೊಟ್ಟಿತು. ಶೀಘ್ರಲಿಪಿ ಭಾಷೆಯಲ್ಲವೆಂದು ಇದನ್ನು ತಳ್ಳಿಹಾಕಬೇಕಾಗಿಲ್ಲ: ಕಾಗುಣಿತ, ಒತ್ತಕ್ಷರಗಳಂತೆ ಅದೂ ಕೈಯಿಂದ ಬರೆದು, ತಪ್ಪು ತಿದ್ದಿಸಿಕೊಂಡೇ ಕರಗತವಾಗುವ ವಿದ್ಯೆ.

ನಿಜವಾದ ಅರ್ಥದಲ್ಲಿ ಭಾಷೆಯನ್ನು ಅಂಚೆಗೆ ಹಾಕಿದ ದೊಡ್ಡ ಪ್ರಯತ್ನ 1856ರಲ್ಲಿ ಬರ್ಲಿನ್ನಿನಲ್ಲಿ ನಡೆಯಿತು. ಫ್ರೆಂಚ್ ಶಿಕ್ಷಕ ಷಾರ್ಲ್ ತೂಸಾನ್ ಮತ್ತು ಗುಸ್ತಾವ್ ಲಾಂಗೆನ್‌ಷೈಟ್ ಸೇರಿ ಜರ್ಮನರಿಗೆ ಫ್ರೆಂಚ್ ಕಲಿಸುವ ಪಾಠಪತ್ರಗಳನ್ನು ರೂಪಿಸಿದರು. ಪ್ರಕಾಶಕರು ಸಿಗದೆ ಲಾಂಗೆನ್‌ಷೈಟ್ ತಾನೇ ಪ್ರಕಾಶನ ಸಂಸ್ಥೆ ತೆರೆದ. ನಿಘಂಟುಗಳಿಂದ ಹೆಸರಾದ ಆ ಸಂಸ್ಥೆಯ ಮೂಲ ಈ ಪತ್ರಗಳಲ್ಲಿದೆ. ಕೇಳದ ಭಾಷೆಯನ್ನು ಕಾಗದದ ಮೇಲೆ ಕೇಳಿಸುವುದಕ್ಕಾಗಿ ಅವರು ಉಚ್ಚಾರ ಸೂಚಿಸುವ ಲಿಪಿಯೊಂದನ್ನೇ ಕಟ್ಟಿದರು, ಸಾಲಿನ ಕೆಳಗೆ ಪದಶಃ ಅರ್ಥ ಕೊಟ್ಟರು. ಪಾಠ ಅಷ್ಟು ಪರಿಪೂರ್ಣವಾಗಿದೆ ಎಂಬ ಭರವಸೆ ಅವರಿಗೆ. ಹಾಗಾಗಿ ಓದುವವರು ಸಂದೇಹ ಬರೆದು ಕಳಿಸುವುದಕ್ಕೆ ಅಲ್ಲಿ ಹೆಚ್ಚಿನ ಪ್ರೋತ್ಸಾಹವಿರಲಿಲ್ಲ. ಎಲ್ಲವನ್ನೂ ವಿವರಿಸಿ ಆಗಿದೆಯಲ್ಲ, ಕೇಳುವುದೇನು ಉಳಿದಿದೆ ಎಂಬ ಧೋರಣೆ. ಅಂದರೆ ಭಾಷೆಯ ಅಂಚೆ ಪಾಠ ಹುಟ್ಟುವಾಗಲೇ ಎರಡು ಕವಲಾಗಿತ್ತು. ಒಂದು, ಪಿಟ್ಮನ್ನನಂತೆ ಬರೆಸಿ ತಿದ್ದುವುದು. ಇನ್ನೊಂದು, ಚೊಕ್ಕವಾಗಿ ಕಟ್ಟಿದ ಪಾಠವನ್ನು ಕಂತುಕಂತಾಗಿ ಮಾರಿ ಕಲಿಯುವವರನ್ನು ಅವರ ಪಾಡಿಗೆ ಬಿಡುವುದು. ನಮ್ಮ ಬಸ್ ನಿಲ್ದಾಣಗಳ ಪುಸ್ತಕದಂಗಡಿಯಲ್ಲಿ ನೇತಾಡುವ ‘30 ದಿನಗಳಲ್ಲಿ’ ಕಲಿಸುವ ಪುಸ್ತಕಗಳು ಈ ಎರಡನೆಯ ಕವಲಿನ ಕುಡಿಗಳು. ಇಂದಿನ ಅನೇಕ ಆ್ಯಪ್‌ಗಳೂ ಅದೇ ವಂಶದವು.

ಮೊದಲ ಕವಲಿನ ಸ್ಪಷ್ಟ ರೂಪ ಅಮೆರಿಕದ ವಿಲಿಯಂ ರೇನಿ ಹಾರ್ಪರನಲ್ಲಿ ಕಾಣುತ್ತದೆ. 1880ರ ದಶಕದಲ್ಲಿ ಅವನು ಪಾದ್ರಿಗಳಿಗೂ ಧರ್ಮಶಾಸ್ತ್ರದ ವಿದ್ಯಾರ್ಥಿಗಳಿಗೂ ಹೀಬ್ರೂ ಭಾಷೆಯನ್ನು ಅಂಚೆಯಲ್ಲಿ ಕಲಿಸಿದ. ಮುಂದೆ ಷಿಕಾಗೊ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷನಾದಾಗ 1892ರಲ್ಲಿ ಅಂಚೆ ಶಿಕ್ಷಣವನ್ನು ವಿಶ್ವವಿದ್ಯಾಲಯದ ಅಂಗವನ್ನಾಗಿಯೇ ಮಾಡಿದ. ಓದುವ ಸೂಚನೆಯ ಹಾಳೆ ಒಂದು, ಪ್ರಶ್ನೆಯ ಹಾಳೆ ಒಂದು. ಉತ್ತರ ಬಂದ ಮೇಲೆ ತಪ್ಪು ತಿದ್ದಿ, ಸಂದೇಹ ಬಿಡಿಸಿ ಹಿಂದಕ್ಕೆ. ಅಂಚೆಯಲ್ಲಿ ಓದಿದವರು ತರಗತಿಯಲ್ಲಿ ಓದಿದವರಿಗಿಂತ ಪಾಠವನ್ನು ಚೆನ್ನಾಗಿ ಬಲ್ಲರು ಎಂದು ಅವನು ವಾದಿಸುತ್ತಿದ್ದ. ಇದು ಮಾರಾಟಗಾರನ ಉತ್ಪ್ರೇಕ್ಷೆಯಂತೆ ಕಂಡರೂ ಒಳಗೊಂದು ಲೆಕ್ಕವಿದೆ. ನಲವತ್ತು ಜನರ ತರಗತಿಯಲ್ಲಿ ಒಬ್ಬರ ಪಾಲಿಗೆ ಉತ್ತರ ಹೇಳುವ ಸರದಿ ನಲವತ್ತರಲ್ಲಿ ಒಂದು ಸಲ. ಅಂಚೆಯಲ್ಲಿ ಪ್ರತಿಯೊಬ್ಬರೂ ಪ್ರತಿ ಪ್ರಶ್ನೆಗೂ ಉತ್ತರಿಸಲೇಬೇಕು, ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವಂತಿಲ್ಲ. ಹೀಬ್ರೂವನ್ನು ಆರಿಸಿಕೊಂಡದ್ದೂ ಕಾಕತಾಳೀಯವಲ್ಲ. ಅವನ ವಿದ್ಯಾರ್ಥಿಗಳಿಗೆ ಆ ಭಾಷೆಯಲ್ಲಿ ಹರಟೆ ಹೊಡೆಯುವ ಅಗತ್ಯವಿರಲಿಲ್ಲ. ಹಳೆಯ ಒಡಂಬಡಿಕೆಯನ್ನು ಮೂಲದಲ್ಲಿ ಓದಬೇಕಿತ್ತು. ಗುರಿ ಓದಾಗಿದ್ದಾಗ ಕಾಗದವೇ ಸಾಕಾದ ಮಾಧ್ಯಮ.

ಭಾರತದಲ್ಲಿ ಈ ಪ್ರಯೋಗ ದೊಡ್ಡ ಪ್ರಮಾಣದಲ್ಲಿ ನಡೆದದ್ದು 1960ರ ದಶಕದಿಂದ ಈಚೆಗೆ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಪದವಿ ಶಿಕ್ಷಣ ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಆ ಹಾದಿ ಹಿಡಿಯಿತು, ಅದೇ ಬೇರಿನಿಂದ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಮೂಡಿತು. ಭಾಷೆಯ ಮಟ್ಟಿಗೆ ಮುಖ್ಯವಾದದ್ದು ಕೇಂದ್ರೀಯ ಹಿಂದಿ ನಿರ್ದೇಶನಾಲಯ 1968ರಲ್ಲಿ ತೆರೆದ ಅಂಚೆ ವಿಭಾಗ. ಹಿಂದಿಯೇತರ ಭಾಷಿಕರಿಗೂ ವಿದೇಶೀಯರಿಗೂ ಅದು ಇಂಗ್ಲಿಷ್, ತಮಿಳು, ಮಲಯಾಳ, ಬಂಗಾಳಿ ಮಾಧ್ಯಮಗಳಲ್ಲಿ ಹಿಂದಿ ಕಲಿಸಿತು. ಪಾಠ ಮತ್ತು ಉತ್ತರಪತ್ರಿಕೆಗಳ ಜೊತೆಗೆ ಅಲ್ಲಲ್ಲಿ ಸಂಪರ್ಕ ಶಿಬಿರಗಳನ್ನೂ ಇಟ್ಟುಕೊಂಡಿತು. ಇನ್ನೊಂದು ಉದಾಹರಣೆ ಬೆಂಗಳೂರಿನಲ್ಲೇ ಇದೆ. 1981ರಲ್ಲಿ ಇಲ್ಲಿ ಶುರುವಾದ ಸಂಸ್ಕೃತ ಸಂಭಾಷಣೆಯ ಆಂದೋಲನ, ಮುಂದೆ ಸಂಸ್ಕೃತ ಭಾರತಿ, ಹತ್ತು ದಿನಗಳ ಮಾತಿನ ಶಿಬಿರಗಳಿಂದ ಹೆಸರಾಯಿತು. ಅದೇ ಸಂಸ್ಥೆ ಪ್ರವೇಶ, ಪರಿಚಯ, ಶಿಕ್ಷಾ, ಕೋವಿದ ಎಂಬ ನಾಲ್ಕು ಮೆಟ್ಟಿಲುಗಳ ಅಂಚೆ ಪಾಠವನ್ನೂ ನಡೆಸಿತು. ಮಾತಿಗೆ ಶಿಬಿರ, ವಿಭಕ್ತಿ, ಲಕಾರಗಳಿಗೆ ಅಂಚೆ. ಈ ಎರಡೂ ಸಂಸ್ಥೆಗಳು ತಮ್ಮ ಮಾಧ್ಯಮದ ಮಿತಿಯನ್ನು ಅರಿತು ಕೆಲಸ ಹಂಚಿಕೊಂಡಿದ್ದವು. ಅಂಚೆ ಎಲ್ಲವನ್ನೂ ಕಲಿಸುತ್ತದೆಂದು ಅಂಚೆಯವರೇ ನಂಬಿರಲಿಲ್ಲ.

ಹಾಗಾದರೆ ಅಂಚೆ ಕಲಿಸುತ್ತಿದ್ದದ್ದು ಯಾವುದು? ಖಾಲಿ ಹಾಳೆಯ ಮುಂದೆ ಕೂತು ವಾಕ್ಯ ಕಟ್ಟುವುದನ್ನು. ಇದರ ಬೆಲೆ ಎಷ್ಟೆಂದು ತೋರಿಸಿದ್ದು ಕೆನಡಾದ ಅನುಭವ. ಅಲ್ಲಿ 1965ರಿಂದ ಇಂಗ್ಲಿಷ್ ಮಾತಿನ ಮಕ್ಕಳನ್ನು ಪೂರ್ತಿ ಫ್ರೆಂಚ್ ಮಾಧ್ಯಮದಲ್ಲಿ ಓದಿಸುವ ಶಾಲೆಗಳು ನಡೆದವು. ವರ್ಷಗಟ್ಟಲೆ ಫ್ರೆಂಚ್ ಕೇಳಿದ ಆ ಮಕ್ಕಳು ಕೇಳಿ, ಓದಿ ತಿಳಿಯುವುದರಲ್ಲಿ ಫ್ರೆಂಚ್ ಮನೆಮಾತಿನವರ ಹತ್ತಿರಕ್ಕೆ ಬಂದಿದ್ದರು. ಆದರೆ ಬಾಯಿ ತೆರೆದರೆ, ಬರೆಯಲು ಕೂತರೆ ವ್ಯಾಕರಣ ಎಡವುತ್ತಿತ್ತು. ಇದನ್ನು ಅಧ್ಯಯನ ಮಾಡಿದ ಮೆರಿಲ್ ಸ್ವೇನ್ 1985ರಲ್ಲಿ ಒಂದು ವಾದ ಮುಂದಿಟ್ಟರು: ಅರ್ಥವಾಗುವಂತೆ ಕೇಳಿದರೆ ಸಾಲದು, ತಾನೇ ಹೇಳಬೇಕಾದ ಒತ್ತಾಯ ಬಿದ್ದಾಗಲೇ ಕಲಿಯುವವರಿಗೆ ತಮ್ಮಲ್ಲಿ ಇಲ್ಲದ್ದು ಕಾಣುತ್ತದೆ. ಕನ್ನಡದಿಂದಲೇ ಒಂದು ಉದಾಹರಣೆ ನೋಡೋಣ. ಹಿಂದಿ ಬಲ್ಲವರು ಕನ್ನಡ ಕಲಿಯುವಾಗ ‘ನನಗೆ ಹೋಗಬೇಕು’ ಎನ್ನುವುದು ಸಾಮಾನ್ಯ, ಹಿಂದಿಯಲ್ಲಿ ಅಲ್ಲಿ ಬರುವುದು ‘ಮುಝೆ’ ತಾನೆ. ಕನ್ನಡದಲ್ಲಿ ‘ನನಗೆ ಕಾಫಿ ಬೇಕು’ ಸರಿ, ‘ನಾನು ಕಾಫಿ ಕುಡಿಯಬೇಕು’ ಸರಿ. ‘ನನಗೆ ಕುಡಿಯಬೇಕು’ ಹೊಂದುವುದಿಲ್ಲ. ಪದಗಳನ್ನು ಮುಂದಿಟ್ಟು ಜೋಡಿಸಲು ಹೇಳುವ ಅಭ್ಯಾಸದಲ್ಲಿ ಈ ತಪ್ಪು ಹುಟ್ಟುವುದೇ ಇಲ್ಲ, ಏಕೆಂದರೆ ‘ನಾನು’ ಎಂಬ ಪದ ಆಗಲೇ ಪರದೆಯ ಮೇಲೆ ಕೂತಿದೆ. ಖಾಲಿ ಹಾಳೆಯ ಮೇಲೆ ಮಾತ್ರ ಅದು ಹೊರಬೀಳುತ್ತದೆ. ಅದನ್ನು ಕಂಡ ಶಿಕ್ಷಕರು, ಅವರಿಗೆ ಹಿಂದಿಯೂ ಬರುತ್ತಿದ್ದರೆ, ಅಂಚಿನಲ್ಲಿ ಎರಡೇ ಸಾಲಿನಲ್ಲಿ ಕಾರಣವನ್ನೂ ಬರೆಯಬಲ್ಲರು.

ಇನ್ನು ಆನ್‌ಲೈನಿನ ಕಡೆಗೆ ಬರೋಣ. ಅದರ ದೊಡ್ಡ ಕೊಡುಗೆ ಧ್ವನಿ, ಇದರಲ್ಲಿ ಎರಡು ಮಾತಿಲ್ಲ. ಅಂಚೆ ಈ ಕೊರತೆಯನ್ನು ತುಂಬಲು ಎಷ್ಟು ಹೆಣಗಿತೆಂಬುದೇ ಅದಕ್ಕೆ ಸಾಕ್ಷಿ. ಅಮೆರಿಕದ ಸ್ಕ್ರಾಂಟನ್ ಪಟ್ಟಣದ ಇಂಟರ್‌ನ್ಯಾಷನಲ್ ಕರೆಸ್ಪಾಂಡೆನ್ಸ್ ಸ್ಕೂಲ್ಸ್ 20ನೇ ಶತಮಾನದ ಆರಂಭದಲ್ಲೇ ಎಡಿಸನ್ ಫೋನೋಗ್ರಾಫ್ ಜೊತೆ ಭಾಷಾಪಾಠಗಳನ್ನು ಕಳಿಸಿತು. ಕಲಿಯುವವರು ಮೇಣದ ಸಿಲಿಂಡರಿನ ಮೇಲೆ ತಮ್ಮ ಉಚ್ಚಾರವನ್ನು ದಾಖಲಿಸಿ ಶಾಲೆಗೆ ಅಂಚೆ ಮಾಡಬಹುದಿತ್ತು. 1901ರಲ್ಲಿ ಲಂಡನ್ನಿನಲ್ಲಿ ಜಾಕ್ ರೋಸ್ಟನ್ ಕಟ್ಟಿದ ಲಿಂಗ್ವಾಫೋನ್ ಮೊದಲು ಸಿಲಿಂಡರು, ಆಮೇಲೆ ತಟ್ಟೆಗಳ ಮೂಲಕ ಭಾಷೆಗಳನ್ನು ಮನೆಗೆ ಮುಟ್ಟಿಸಿತು. ಇವತ್ತು ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಆಗುವ ಕೆಲಸಕ್ಕೆ ಅಂದು ಒಡೆದುಹೋಗುವ ಮೇಣವನ್ನು ಪೆಟ್ಟಿಗೆಯಲ್ಲಿ ಹೊದಿಸಿ ಕಳಿಸಬೇಕಿತ್ತು. ಎರಡನೆಯ ಕೊಡುಗೆ ಪುನರಾವರ್ತನೆಯ ಲೆಕ್ಕಾಚಾರ. ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸಿದರೆ ಪದ ಉಳಿಯುತ್ತದೆಂಬ ತತ್ವ ನೆನಪು, ಮರೆವನ್ನು ಅಳೆದು 1885ರಲ್ಲಿ ಬರೆದ ಜರ್ಮನ್ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಕಾಲದಿಂದ ಗೊತ್ತಿದ್ದದ್ದೇ. ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಆ ಲೆಕ್ಕ ಇಡುವುದು ಕಂಪ್ಯೂಟರಿನಿಂದ ಮಾತ್ರ ಸಲೀಸಾಯಿತು. ಮೂರನೆಯದು ಮುಖಾಮುಖಿ: ಶಿಕಾರಿಪುರದಲ್ಲಿ ಕೂತವರು ಟೋಕಿಯೊದ ಶಿಕ್ಷಕರೊಂದಿಗೆ ವಿಡಿಯೊದಲ್ಲಿ ಜಪಾನಿ ಮಾತಾಡಬಹುದು. ಈ ಮೂರರಲ್ಲಿ ಯಾವುದನ್ನೂ ಅಂಚೆ ಸರಿಗಟ್ಟಲಾರದು.

ಆದರೆ ಆನ್‌ಲೈನ್ ಎಂಬ ಒಂದೇ ಹೆಸರಿನ ಕೆಳಗೆ ಬೇರೆಬೇರೆ ಸರಕುಗಳಿವೆ. ಗಂಟೆಗಿಷ್ಟು ಹಣ ಕೊಟ್ಟು ಶಿಕ್ಷಕರೊಡನೆ ಮಾತಾಡುವುದು ಒಂದು ಬಗೆ. ಸಾವಿರಾರು ಜನರಿಗೆ ಒಟ್ಟಿಗೆ ತೆರೆದ ವಿಡಿಯೊ ಪಾಠಕ್ರಮ ಇನ್ನೊಂದು. 2012ರಲ್ಲಿ ಸಾರ್ವಜನಿಕರಿಗೆ ತೆರೆದ ಡ್ಯುಯೊಲಿಂಗೊ ಮಾದರಿಯ, ಆಟದ ರೂಪದ ಆ್ಯಪ್ ಮತ್ತೊಂದು. ಇವುಗಳಲ್ಲಿ ಅತಿ ಹೆಚ್ಚು ಜನರನ್ನು ಮುಟ್ಟುವುದು ಕೊನೆಯದು, ಏಕೆಂದರೆ ಅದೇ ಅತಿ ಅಗ್ಗ. ಅದು ಅಗ್ಗವಾಗಿರುವುದು ತಿದ್ದುವ ಮನುಷ್ಯರಿಗೆ ಸಂಬಳ ಕೊಡಬೇಕಿಲ್ಲವಾದ್ದರಿಂದ. ಯಂತ್ರ ಸುಲಭವಾಗಿ ಅಳೆಯುವುದು ಗುರುತಿಸುವ ಶಕ್ತಿಯನ್ನು: ಚಿತ್ರಕ್ಕೆ ಪದ ಹೊಂದಿಸು, ನಾಲ್ಕರಲ್ಲಿ ಒಂದನ್ನು ಆರಿಸು, ಚದುರಿದ ಪದಗಳನ್ನು ಸಾಲಾಗಿಸು. ಹೀಗಾಗಿ ಅಳೆಯಲು ಸುಲಭವಾದದ್ದೇ ಪಾಠದ ಬಹುಭಾಗವಾಗಿಬಿಡುತ್ತದೆ. ಪರಸ್ಪರ ತಿದ್ದುವ ಕೆಲಸಕ್ಕೆ ಇಂಟರ್ನೆಟ್ ಒಗ್ಗದು ಎಂದೇನೂ ಇಲ್ಲ. 2007ರಲ್ಲಿ ಅಮೆರಿಕದಲ್ಲಿ ಶುರುವಾದ ಲೈವ್‌ಮೋಕಾದಲ್ಲಿ ಒಬ್ಬರ ಬರಹವನ್ನು ಆ ಭಾಷೆ ಮನೆಮಾತಾಗಿರುವ ಇನ್ನೊಬ್ಬರು ತಿದ್ದುತ್ತಿದ್ದರು, ಪ್ರತಿಯಾಗಿ ತಮ್ಮದನ್ನು ತಿದ್ದಿಸಿಕೊಳ್ಳುತ್ತಿದ್ದರು. 2013ರಲ್ಲಿ ಅದನ್ನು ರೊಸೆಟ್ಟಾ ಸ್ಟೋನ್ ಕಂಪನಿ ಕೊಂಡಿತು, 2016ರಲ್ಲಿ ಅದು ಮುಚ್ಚಿತು. ಮರಳುವ ದಾರಿ ತಂತ್ರಜ್ಞಾನದಲ್ಲಿತ್ತು, ವ್ಯಾಪಾರದಲ್ಲಿ ಅದಕ್ಕೆ ಜಾಗ ಉಳಿಯಲಿಲ್ಲ.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ: ಅಂಚೆಯನ್ನು ಇಷ್ಟು ಮೆಚ್ಚುವುದು ಹಳೆಯದರ ಮೇಲಿನ ಮೋಹವಲ್ಲವೇ? ಅಂಚೆ ಶಾಲೆಗಳಲ್ಲಿ ಸೇರಿದವರಲ್ಲಿ ಬಹುಪಾಲು ಅರ್ಧಕ್ಕೇ ಬಿಡುತ್ತಿರಲಿಲ್ಲವೇ? ಬಿಡುತ್ತಿದ್ದರು. ಕೆನಡಾದಲ್ಲಿ ಪಾಠಮಾಡುತ್ತಿದ್ದ ಇತಿಹಾಸಕಾರ ಡೇವಿಡ್ ನೋಬಲ್, ಆನ್‌ಲೈನ್ ಶಿಕ್ಷಣದ ಹುಮ್ಮಸ್ಸು ಹೊಸದಾಗಿದ್ದ ಕಾಲದಲ್ಲೇ ಅಮೆರಿಕದ ಅಂಚೆ ಶಾಲೆಗಳ ಕಥೆಯನ್ನು ಎಚ್ಚರಿಕೆಯಾಗಿ ಬಿಡಿಸಿಟ್ಟರು. ಶುಲ್ಕವನ್ನು ಮೊದಲೇ ಕಟ್ಟಿಸಿಕೊಳ್ಳುವುದು, ಅರ್ಧಕ್ಕೆ ಬಿಟ್ಟವರಿಂದ ಉಳಿದ ಹಣವೇ ಲಾಭವಾಗುವುದು, ಉತ್ತರ ತಿದ್ದುವವರಿಗೆ ಹಾಳೆಗಿಷ್ಟು ಎಂದು ಬಿಡಿಗಾಸಿನ ಕೂಲಿ ಕೊಡುವುದು, ಇವು ಆ ವ್ಯಾಪಾರದ ಗುಟ್ಟುಗಳು. ಹಾಳೆಯ ಲೆಕ್ಕದಲ್ಲಿ ಕೂಲಿ ಪಡೆಯುವವರು ಹಾಳೆಯನ್ನು ಓದುವುದಕ್ಕಿಂತ ಮುಗಿಸುವುದಕ್ಕೆ ಅವಸರಪಡುತ್ತಾರೆ. ಇತ್ತ ಆನ್‌ಲೈನಿನ ಲೆಕ್ಕವೂ ಹೊಗಳುವಂತಿಲ್ಲ. ಹಾರ್ವರ್ಡ್ ಮತ್ತು ಎಂಐಟಿಯ ಮುಕ್ತ ಪಾಠಕ್ರಮಗಳ ಬಗ್ಗೆ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಲೇಖನದ ಪ್ರಕಾರ ಸೇರಿದವರಲ್ಲಿ ಪೂರೈಸಿದವರು ನೂರಕ್ಕೆ ಮೂರರ ಆಸುಪಾಸು; ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರಲ್ಲಿ ಮಾತ್ರ ಅರ್ಧದ ಹತ್ತಿರ. ಅವು ಭಾಷೆಯ ಪಾಠಗಳಷ್ಟೇ ಅಲ್ಲ ಎಂಬುದನ್ನು ನೆನಪಿಡಬೇಕು, ಕುತೂಹಲಕ್ಕೆ ಹೆಸರು ಬರೆಸಿದವರೂ ಆ ಲೆಕ್ಕದಲ್ಲಿದ್ದಾರೆ. ಹಾಗಿದ್ದೂ ಈ ಆಕ್ಷೇಪ ನನ್ನ ವಾದವನ್ನು ಮುರಿಯುವ ಬದಲು ಗಟ್ಟಿಮಾಡುತ್ತದೆ. ತಿದ್ದುವವರನ್ನು ಖರ್ಚಿನ ಬಾಬ್ತೆಂದು ಕಂಡಾಗ ಅಂಚೆ ಶಾಲೆಯೂ ಹಾಳಾಯಿತು. ರೋಗ ಮಾಧ್ಯಮದ್ದಾಗಿದ್ದರೆ ಮಾಧ್ಯಮ ಬದಲಾದಾಗ ವಾಸಿಯಾಗಬೇಕಿತ್ತು.

ಎರಡನೆಯ ಆಕ್ಷೇಪ ಇನ್ನೂ ಮೂಲಭೂತವಾದದ್ದು: ತಿದ್ದುವುದರಿಂದ ನಿಜಕ್ಕೂ ಪ್ರಯೋಜನವಿದೆಯೇ? ಜಾನ್ ಟ್ರಸ್ಕಾಟ್ ಎಂಬ ಭಾಷಾ ಸಂಶೋಧಕ 1996ರಲ್ಲಿ, ಎರಡನೆಯ ಭಾಷೆಯ ಬರಹದಲ್ಲಿ ವ್ಯಾಕರಣ ತಿದ್ದುವುದು ನಿಷ್ಫಲ, ಕೆಲವೊಮ್ಮೆ ಹಾನಿಕರ, ಬಿಟ್ಟುಬಿಡುವುದೇ ಮೇಲು ಎಂದು ಕಡ್ಡಿ ಮುರಿದಂತೆ ಬರೆದರು. ಕೆಂಪು ಶಾಯಿಯಲ್ಲಿ ಮುಳುಗಿದ ಹಾಳೆಯನ್ನು ಮಡಚಿಟ್ಟು ಮರೆತುಬಿಡುವವರನ್ನು ಕಂಡ ಯಾವ ಶಿಕ್ಷಕರೂ ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೆ ಆ ಲೇಖನ ಕೆರಳಿಸಿದ ಚರ್ಚೆಯಿಂದ ಹೊಸ ಪ್ರಯೋಗಗಳು ಹುಟ್ಟಿದವು. ನ್ಯೂಜಿಲೆಂಡಿನ ಜಾನ್ ಬಿಚನರ್ ಮುಂತಾದವರು ಎಲ್ಲ ತಪ್ಪುಗಳನ್ನೂ ಒಮ್ಮೆಗೇ ಹಿಡಿಯುವ ಬದಲು ಇಂಗ್ಲಿಷಿನ ‘ಎ’, ‘ದ’ ಬಳಕೆಯಂಥ ಒಂದೆರಡು ಅಂಶಗಳನ್ನು ಮಾತ್ರ ತಿದ್ದಿ ನೋಡಿದರು. ತಿದ್ದಿಸಿಕೊಂಡವರು ಆಮೇಲಿನ ಹೊಸ ಬರಹಗಳಲ್ಲೂ ಮೇಲುಗೈ ಸಾಧಿಸಿದರು. ತಿದ್ದುವಿಕೆ ಕೆಲಸಕ್ಕೆ ಬರುತ್ತದೆ, ಏನನ್ನು ಈಗ ತಿದ್ದಬೇಕು, ಏನನ್ನು ಸದ್ಯಕ್ಕೆ ಬಿಡಬೇಕು ಎಂಬ ವಿವೇಕ ಜೊತೆಗಿದ್ದರೆ. ಆ ವಿವೇಕಕ್ಕೆ ಕಲಿಯುವವರ ಹಿಂದಿನ ಹಾಳೆಗಳ ನೆನಪು ಬೇಕು. ಒಳ್ಳೆಯ ಅಂಚೆ ಶಿಕ್ಷಕರ ಬಳಿ ಇದ್ದದ್ದು ಅದೇ.

ಮೂರನೆಯದು ವೇಗದ ಪ್ರಶ್ನೆ. ಅಂಚೆಯ ನಿಧಾನವನ್ನೇ ಗುಣವೆಂದು ಹಾಡಿಹೊಗಳುವವರಿದ್ದಾರೆ: ಕಾಯುವುದರಿಂದ ಪಾಠ ಮಾಗುತ್ತದೆ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಪಾಠಗಳ ನಡುವಿನ ಅಂತರ ನೆನಪಿಗೆ ಒಳ್ಳೆಯದು. ವಾರಕ್ಕೊಂದು ಲಕೋಟೆ ಬರುವ ಏರ್ಪಾಡು ಆ ಅಂತರವನ್ನು ತಾನಾಗಿ ಒದಗಿಸುತ್ತಿತ್ತು. ಆದರೆ ಉತ್ತರಕ್ಕೆ ಕಾಯಿಸುವುದು ಬೇರೆ ಮಾತು. ನಾರ್ವೆಯ ಟೋರ್‌ಸ್ಟೈನ್ ರೆಕ್ಕೆಡಾಲ್ 1970ರ ದಶಕದ ಆರಂಭದಲ್ಲಿ ಅಂಚೆ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ, ತಿದ್ದಿದ ಹಾಳೆ ಬೇಗ ಮರಳಿದವರಲ್ಲಿ ಪಾಠ ಪೂರೈಸಿದವರ ಪ್ರಮಾಣ ಗಮನಾರ್ಹವಾಗಿ ಹೆಚ್ಚಿರುವುದನ್ನು ಕಂಡರು. ಅಲ್ಲಿ ಹೋಲಿಸಿದ್ದು ಕೆಲವೇ ದಿನಗಳ ವ್ಯತ್ಯಾಸ, ಅಷ್ಟೂ ಸಾಕಾಗಿತ್ತು. ಹಾಗಾಗಿ ಆನ್‌ಲೈನಿನ ವೇಗ ಕಲಿಯುವವರಿಗೆ ವರವೇ, ಅದು ಮನುಷ್ಯರ ಉತ್ತರವನ್ನು ಬೇಗ ತಂದುಕೊಡುವುದಾದರೆ. ನಾಳೆಯೇ ಸಿಗಬಹುದಾದ ಉತ್ತರವನ್ನು ಹದಿನೈದು ದಿನ ತಡೆದಿಡುವುದರಲ್ಲಿ ಯಾವ ಪುಣ್ಯವೂ ಇಲ್ಲ. ಉಳಿಸಿಕೊಳ್ಳಬೇಕಾದ ತೆರಪು ಬೇರೆಯದು: ಪ್ರಶ್ನೆ ಓದಿದ್ದಕ್ಕೂ ಉತ್ತರ ಬರೆದದ್ದಕ್ಕೂ ನಡುವೆ ಕಲಿಯುವವರು ತಾವೇ ತಡಕಾಡುವ ಹೊತ್ತು. ಆ ಹೊತ್ತನ್ನು ಅಂಚೆ ವಿಧಿಯಿಲ್ಲದೆ ಕೊಡುತ್ತಿತ್ತು. ಮರುಕ್ಷಣವೇ ಹಸಿರು ಗುರುತು ತೋರಿಸುವ ಆ್ಯಪ್ ಅದನ್ನು ಕಸಿದುಕೊಳ್ಳುತ್ತದೆ.

ನಾಲ್ಕನೆಯ ಆಕ್ಷೇಪ ಕನ್ನಡಕ್ಕೆ ತೀರ ಹತ್ತಿರದ್ದು. ಬರೆದು ಕಲಿತ ಭಾಷೆ ಬಾಯಿಗೆ ಬರುವುದಿಲ್ಲ ಎನ್ನುತ್ತಾರೆ. ಕನ್ನಡದಲ್ಲಂತೂ ಬರಹಕ್ಕೂ ಮಾತಿಗೂ ನಡುವಿನ ದೂರ ದೊಡ್ಡದು. ‘ನಾನು ಮನೆಗೆ ಹೋಗುತ್ತೇನೆ’ ಎಂದು ಕಲಿತು ಬೀದಿಗಿಳಿದವರ ಕಿವಿಗೆ ಮೈಸೂರಿನಲ್ಲಿ ‘ಮನೇಗ್ ಹೋಗ್ತೀನಿ’ ಬೀಳುತ್ತದೆ, ಧಾರವಾಡದಲ್ಲಿ ‘ಮನೀಗೆ’ ಎಂದು ಶುರುವಾಗುವ ಬೇರೆಯೇ ಲಯ ಕೇಳಿಸುತ್ತದೆ. ಭಾಷಾವಿಜ್ಞಾನಿ ಹರಾಲ್ಡ್ ಷಿಫ್‌ಮನ್ 1983ರಲ್ಲಿ ಆಡುಗನ್ನಡಕ್ಕೆಂದೇ ಪ್ರತ್ಯೇಕ ವ್ಯಾಕರಣವನ್ನು ಹೊರತಂದದ್ದು ಸುಮ್ಮನೆ ಅಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಬೆಂಗಳೂರಿಗೆ ಕೆಲಸಕ್ಕೆ ಬಂದು ತರಕಾರಿ ಗಾಡಿಯವರೊಡನೆ, ಆಟೊದವರೊಡನೆ ಮಾತಾಡಲು ಕನ್ನಡ ಬೇಕಾದವರಿಗೆ ಕಾಗದದ ಪಾಠ ಸರಿಯಾದ ದಾರಿಯಲ್ಲ. ಅವರಿಗೆ ಧ್ವನಿ ಬೇಕು, ಎದುರು ಮಾತಾಡುವವರು ಬೇಕು. ಆದರೆ ಇಲ್ಲೂ ಅದೇ ಗೆರೆ ಕಾಣುತ್ತದೆ. ದಾಖಲಿಸಿದ ಧ್ವನಿಯನ್ನು ಕೇಳಿ ಅದರಂತೆಯೇ ಹೇಳುವುದು ಒಂದು. ‘ಏನ್ರೀ, ಹೇಗೆ ಕೊಟ್ರಿ?’ ಎಂದು ಕೇಳಿ, ಬಂದ ಉತ್ತರ ಅರ್ಥವಾಗದೆ, ಮತ್ತೊಂದು ಬಗೆಯಲ್ಲಿ ಕೇಳಿ ನೋಡುವುದು ಇನ್ನೊಂದು. ನೀನು, ನೀವು, ತಾವು ಎಂಬ ಮೂರರಲ್ಲಿ ಯಾರಿಗೆ ಯಾವುದು ಎಂಬುದನ್ನು ಪಟ್ಟಿ ಕಲಿಸುವುದಿಲ್ಲ, ಎದುರಿನವರ ಮುಖ ಕಲಿಸುತ್ತದೆ. ಬರಹದಲ್ಲಿ ತಿದ್ದುವ ಕೈ ಮಾಡುವ ಕೆಲಸವನ್ನು ಮಾತಿನಲ್ಲಿ ಆ ಮುಖ ಮಾಡುತ್ತದೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಈಗಿನದು. ಖಾಲಿ ಹಾಳೆಯ ಮೇಲೆ ಬರೆದದ್ದನ್ನು ಯಂತ್ರವೇ ಓದಿ ತಿದ್ದುವ ಕಾಲ ಬಂದಿದೆಯಲ್ಲ! 2023ರ ಮಾರ್ಚ್‌ನಲ್ಲಿ ಡ್ಯುಯೊಲಿಂಗೊ, ಜಿಪಿಟಿ-4 ಆಧಾರದ ಸೇವೆಯೊಂದನ್ನು ಪ್ರಕಟಿಸಿತು. ಉತ್ತರ ಏಕೆ ತಪ್ಪೆಂದು ಅದು ವಿವರಿಸುತ್ತದೆ, ಪಾತ್ರಧಾರಿಯಾಗಿ ಸಂಭಾಷಣೆಗೂ ಕೂರುತ್ತದೆ. ‘ನನಗೆ ಹೋಗಬೇಕು’ ಎಂಬುದನ್ನು ಗುರುತಿಸಿ, ಹಿಂದಿಯ ಪ್ರಭಾವವನ್ನೂ ವಿವರಿಸುವುದು ಇಂಥ ಯಂತ್ರಗಳಿಗೆ ಈಗ ಅಸಾಧ್ಯವಲ್ಲ. ಗುರುತಿಸುವಿಕೆಯನ್ನು ಮಾತ್ರ ಅಳೆಯುವುದು ಆ್ಯಪ್‌ಗಳ ಮಿತಿ ಎಂದೆನಲ್ಲ, ಆ ಮಿತಿ ಸಡಿಲವಾಗುತ್ತಿದೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಶಿಕ್ಷಕರಿಗೆ ಹಣ ಕೊಡಲಾರದವರಿಗೆ ಇದು ದೊಡ್ಡ ಸಹಾಯವೂ ಹೌದು. ಆದರೂ ಎರಡು ಮಾತು ಉಳಿಯುತ್ತವೆ. ಒಂದು, ಯಂತ್ರ ಕಲಿತಿರುವುದು ಹೆಚ್ಚಾಗಿ ಬರೆದಿಟ್ಟ ಪಠ್ಯದಿಂದ. ಇಂಗ್ಲಿಷಿನಂತೆ ಎಲ್ಲ ಬಗೆಯ ಬರಹ ರಾಶಿಬಿದ್ದಿರುವ ಭಾಷೆಯಲ್ಲಿ ಅದರ ಕಿವಿ ಸೂಕ್ಷ್ಮ; ಪತ್ರಿಕೆ, ಪುಸ್ತಕಗಳ ಕನ್ನಡವೇ ಹೆಚ್ಚಾಗಿ ಸಿಗುವ ಕಡೆ ಅದು ಗ್ರಂಥಸ್ಥ ರೂಪವನ್ನೇ ಸರಿಯೆಂದು ಹಿಡಿದು, ಧಾರವಾಡದ್ದನ್ನೋ ಕುಂದಾಪುರದ್ದನ್ನೋ ತಪ್ಪೆಂದು ತಿದ್ದುವ ಅಪಾಯವಿದೆ. ಎರಡು, ಹಾಳೆ ಕಳಿಸುವುದರಲ್ಲಿ ಒಂದು ಋಣವಿದೆ. ಒಬ್ಬರು ಕೂತು ಓದುತ್ತಾರೆ, ಕಾಯುತ್ತಾರೆ ಎಂಬ ಅರಿವು ಮುಂದಿನ ಹಾಳೆಯನ್ನು ಬರೆಸುತ್ತದೆ. ಅಂಚೆ ಶಿಕ್ಷಣದ ಸಿದ್ಧಾಂತಕಾರ ಬೋರ್ಯೆ ಹೋಲ್ಮ್‌ಬೆರಿ, ದೂರಶಿಕ್ಷಣವನ್ನು ಶಿಕ್ಷಕರೂ ವಿದ್ಯಾರ್ಥಿಯೂ ನಡೆಸುವ ಸಂವಾದವೆಂದೇ ಕಲ್ಪಿಸಿ, ಆ ಆಪ್ತತೆಯೇ ಓದುವ ಹುರುಪಿನ ಮೂಲ ಎಂದು ಜೀವಮಾನವಿಡೀ ವಾದಿಸಿದ್ದು ಇದನ್ನೇ. ಆ್ಯಪ್ ಎಣಿಸುವ ಸತತ ದಿನಗಳ ಸರಣಿ ಮುರಿಯಬಾರದೆಂದು ದಿನವೂ ಅದನ್ನು ತೆರೆಯುವವರು ಅಂಕಿಗೆ ಋಣಿಗಳು. ಅಂಕಿಯನ್ನು ಉಳಿಸಿಕೊಳ್ಳಲು ಅತಿ ಸುಲಭದ ಪಾಠವೊಂದನ್ನು ಮಾಡಿ ಮುಗಿಸಿದರೂ ನಡೆಯುತ್ತದೆ. ಮನುಷ್ಯರಿಗೆ ಕಳಿಸುವ ಹಾಳೆಯಲ್ಲಿ ಆ ಉಪಾಯ ಬಹಳ ದಿನ ನಡೆಯುವುದಿಲ್ಲ.

ಮಾಧ್ಯಮ ಬದಲಿಸಿ ತಿದ್ದುವಿಕೆಯನ್ನು ಉಳಿಸಿಕೊಳ್ಳಬಹುದೇ ಎಂದರೆ ಉಳಿಸಿಕೊಂಡವರಿದ್ದಾರೆ. 1969ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಭಾಷೆಗೆ ಕೈಹಾಕಿದ್ದು ತಡವಾಗಿ. ಅದರ ಮೊದಲ ಫ್ರೆಂಚ್ ಪಾಠಕ್ರಮ ಬಂದದ್ದು 1995ರಲ್ಲಿ. ಶಿಕ್ಷಕರೇ ಓದಿ ಅಂಕ ಮತ್ತು ಟಿಪ್ಪಣಿ ಕೊಡುವ ಅಸೈನ್‌ಮೆಂಟು ಆ ವಿಶ್ವವಿದ್ಯಾಲಯದ ಬೆನ್ನೆಲುಬು. ಮೊದಮೊದಲು ಬರಹ ಲಕೋಟೆಯಲ್ಲಿ, ಮಾತು ಕ್ಯಾಸೆಟ್ಟಿನಲ್ಲಿ ಅಂಚೆಗೆ ಬೀಳುತ್ತಿತ್ತು. ಆಮೇಲೆ ಅವೇ ಕಂಪ್ಯೂಟರಿನಿಂದ ಹೋಗತೊಡಗಿದವು, ತರಗತಿ ಆನ್‌ಲೈನಾಯಿತು, ಓದಿ ತಿದ್ದುವವರು ಇದ್ದಲ್ಲೇ ಇದ್ದರು. ನಮ್ಮ ಮುಕ್ತ ವಿಶ್ವವಿದ್ಯಾಲಯಗಳೂ ಅಸೈನ್‌ಮೆಂಟಿನ ಪದ್ಧತಿಯನ್ನು ಇದೇ ಪರಂಪರೆಯಿಂದ ಪಡೆದಿವೆ. ಅಂಕಕ್ಕಷ್ಟೇ ಇಟ್ಟುಕೊಂಡರೆ ಅದು ಶಾಸ್ತ್ರ, ಟಿಪ್ಪಣಿ ಬರೆದು ಹಿಂದಿರುಗಿಸಿದರೆ ಪಾಠ. ಇದಕ್ಕೆ ಖರ್ಚಿದೆ, ಅದನ್ನು ಮುಚ್ಚಿಡಬಾರದು. ಬಾಸ್ಟನ್ನಿನಲ್ಲಿ 1873ರಲ್ಲಿ ಆನಾ ಟಿಕ್ನರ್ ಮಹಿಳೆಯರಿಗಾಗಿ ಕಟ್ಟಿದ ಮನೆಯೋದಿನ ಸಂಘದಲ್ಲಿ ತಿಂಗಳು ತಿಂಗಳು ಪತ್ರ ಬರೆದು ಓದಿಸಿದವರು ಸಂಬಳವಿಲ್ಲದ ಸ್ವಯಂಸೇವಕಿಯರು. ಆಕೆ 1896ರಲ್ಲಿ ತೀರಿಕೊಂಡ ಮರುವರ್ಷವೇ ಸಂಘ ಮುಚ್ಚಿತು. ತಿದ್ದುವ ಕೈಯನ್ನು ಪುಕ್ಕಟೆಯಾಗಿ ಬಹುಕಾಲ ನೆಚ್ಚಿಕೊಳ್ಳಲಾಗದು.

ಹೀಗಿರುವಾಗ ಕನ್ನಡ ಕಲಿಸಲು ಹೊರಟವರು, ಸರ್ಕಾರದವರಿರಲಿ, ಕಂಪನಿಯ ಒಳಗಿನ ತರಗತಿಯವರಿರಲಿ, ಹೊರನಾಡಿನ ಕನ್ನಡ ಕೂಟದವರಿರಲಿ, ಹಣ ಎಲ್ಲಿಗೆ ಹಾಕಬೇಕೆಂದು ಯೋಚಿಸುವಾಗ ಈ ಇತಿಹಾಸ ನೆರವಾದೀತು. ಇನ್ನೊಂದು ಆ್ಯಪ್, ಇನ್ನಷ್ಟು ವಿಡಿಯೊ ಮಾಡಿಸುವುದು ಕಣ್ಣಿಗೆ ಕಾಣುವ ಕೆಲಸ, ಉದ್ಘಾಟನೆಗೂ ಒದಗುತ್ತದೆ. ಕಲಿಯುವವರು ವಾರಕ್ಕೆ ಹತ್ತು ಸಾಲು ಬರೆದು, ಐದು ನಿಮಿಷ ಮಾತಾಡಿ ಕಳಿಸಿದರೆ ಅದನ್ನು ಓದಿ, ಕೇಳಿ, ಒಂದೆರಡು ತಪ್ಪನ್ನು ಆರಿಸಿ ತಿದ್ದುವ ನಿವೃತ್ತ ಮೇಷ್ಟರಿಗೋ ಗೃಹಿಣಿಗೋ ಗೌರವಧನ ಕೊಡುವುದು ಕಾಣದ ಕೆಲಸ. ಪದಗಳ ಅಭ್ಯಾಸ, ಉಚ್ಚಾರ, ಪುನರಾವರ್ತನೆಯನ್ನು ಯಂತ್ರಕ್ಕೆ ಬಿಟ್ಟರೆ ಆ ಮೇಷ್ಟರ ಹೊತ್ತು ಅವರೇ ಮಾಡಬೇಕಾದ ಕೆಲಸಕ್ಕೆ ಉಳಿಯುತ್ತದೆ. ಪಾಠಕ್ರಮವೊಂದು ಯಶಸ್ವಿಯೇ ಎಂದು ಕೇಳುವಾಗ ಎಷ್ಟು ಜನ ಇಳಿಸಿಕೊಂಡರು ಎಂಬ ಲೆಕ್ಕದ ಪಕ್ಕದಲ್ಲಿ, ಕಲಿಯುವವರು ಸ್ವಂತವಾಗಿ ಬರೆದ ಎಷ್ಟು ಸಾಲುಗಳನ್ನು ಯಾರಾದರೂ ಓದಿದರು ಎಂಬ ಲೆಕ್ಕವನ್ನೂ ಇಡಬೇಕು.

ಅಂಚೆ ಮತ್ತೆ ಬರಲಿ ಎಂಬುದು ಇಲ್ಲಿನ ಬಯಕೆಯಲ್ಲ. ಡೆನ್ಮಾರ್ಕಿನ ಅಂಚೆ ಸಂಸ್ಥೆ ನಾಲ್ಕು ಶತಮಾನಗಳ ಬಳಿಕ 2025ರ ಕೊನೆಗೆ ಪತ್ರ ಬಟವಾಡೆಯನ್ನೇ ನಿಲ್ಲಿಸಿತು; ಬೇರೆ ಕಡೆಯೂ ಕಾಗದದ ಓಡಾಟ ಕಡಿಮೆಯಾಗುತ್ತಿದೆ. ಲಕೋಟೆ ಹೋದರೆ ಹೋಗಲಿ. ಅದರೊಳಗೆ ಮರಳಿ ಬರುತ್ತಿದ್ದ ಹಾಳೆಯ ಅಂಚಿನ ಟಿಪ್ಪಣಿ ಹೋಗಬಾರದು. ಕನ್ನಡದಲ್ಲಿ ನಾವು ಭಾಷೆಯನ್ನು ‘ಗೊತ್ತು’ ಎನ್ನುವುದಕ್ಕಿಂತ ಹೆಚ್ಚಾಗಿ ‘ಬರುತ್ತದೆ’ ಎನ್ನುತ್ತೇವೆ: ನನಗೆ ಕನ್ನಡ ಬರುತ್ತದೆ. ಬರಬೇಕಾದರೆ ಅದು ಎಲ್ಲಿಂದಲೋ, ಯಾರಿಂದಲೋ ಹೊರಡಬೇಕು. ಪಾಠ ಯಾವ ತಂತಿಯ ಮೇಲೆ ಬಂತು ಎಂದು ಕೇಳುವ ಮೊದಲು, ತೆರಪಿನ ಆಚೆ ಯಾರಿದ್ದಾರೆ ಎಂದು ಕೇಳಬೇಕು.